ಗೆಸ್ಟ್‌ಗೆ ಅಷ್ಟೇ

ನಮ್ಮ ಆಫೀಸಿನಲ್ಲಿ ಗೇಮ್ ಆಡೋರದ್ದೇ ಒಂದು ವಾಟ್ಸಾಪ್ ಗುಂಪಿದೆ. ತಿಂಗಳಿಗೊಮ್ಮೆಯಾದರೂ ಅಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಹಾಕ್ತಾರೆ: ‘ಗುರೂ, 2,000 ರೂಪಾಯಿ ಒಳಗೆ ಒಂದು ವೈರ್‌ಲೆಸ್ ಕಂಟ್ರೋಲರ್ ಹೇಳ್ರಪ್ಪಾ. ಕಂಪನಿದೇ ಆಗಬೇಕು ಅಂತೇನಿಲ್ಲ. ಗೆಸ್ಟ್‌ಗೆ ಅಷ್ಟೇ.’ ಆಮೇಲೆ ಉತ್ತರಗಳ ಸುರಿಮಳೆ. ಒಬ್ಬ ಕಾಸ್ಮಿಕ್ ಬೈಟ್ ಅಂತಾನೆ, ಇನ್ನೊಬ್ಬ ರೆಡ್‌ಗೇರ್ ಅಂತಾನೆ, ಸ್ವಲ್ಪ ಜಾಸ್ತಿ ತಿಳ್ಕೊಂಡೋನು ‘ಇನ್ನೊಂಚೂರು ದುಡ್ಡು ಹಾಕಿ ಗೇಮ್‌ಸರ್ ತಗೋ’ ಅಂತಾನೆ. ಬ್ಲೂಟೂತಾ ಡಾಂಗಲ್ಲಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಸೇಲ್ ಯಾವಾಗ ಅಂತೆಲ್ಲ ಚರ್ಚೆ ಆಗುತ್ತೆ. ಪ್ರಶ್ನೆಯ ಕೊನೆಯ ಎರಡು ಪದದ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ.

ಗೆಸ್ಟ್‌ಗೆ ಅಷ್ಟೇ. ಅಂದ್ರೆ ನನ್ನ ಕೈಗೆ ಕಂಪನಿದು ಇದೆ, ಮನೆಗೆ ಬಂದೋರ ಕೈಗೆ ಏನಾದ್ರೂ ಒಂದು ಇರಲಿ. ಒಂದು ಆಟದ ಸಾಮಾನು ಕೊಳ್ಳೋದರಲ್ಲಿ ಧರ್ಮಾಧರ್ಮ ಎಲ್ಲಿಂದ ಬಂತು ಮಾರಾಯ ಅಂತ ನೀವು ಕೇಳಬಹುದು. ಬಂದಿದೆ ಅಂತ ನನ್ನ ಅನುಮಾನ.

ಮೊದಲೇ ಹೇಳಿಬಿಡ್ತೀನಿ, ಅಗ್ಗದ್ದೆಲ್ಲ ಕೆಟ್ಟದ್ದು ಅನ್ನೋನು ನಾನಲ್ಲ. ಕಂಟ್ರೋಲರಿನ ಎರಡು ಕಡ್ಡಿಗಳ ಬುಡದಲ್ಲಿ ಸಾಮಾನ್ಯವಾಗಿ ಇರೋದು ಪೊಟೆನ್ಷಿಯೋಮೀಟರ್. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸೋ ಗುಂಡಿ ಕೆಳಗೆ ಇರುತ್ತಲ್ಲ, ಅದೇ ಜಾತಿಯದ್ದು. ಒಳಗೆ ಲೋಹದ ಸಣ್ಣ ನಾಲಿಗೆಯೊಂದು ಪಟ್ಟಿ ಮೇಲೆ ಉಜ್ಜುತ್ತಾ ಇರುತ್ತೆ. ಉಜ್ಜಿ ಉಜ್ಜಿ ಸವೆದ ಮೇಲೆ ನೀವು ಕೈ ಬಿಟ್ಟರೂ ಪರದೆ ಮೇಲಿನ ಮನುಷ್ಯ ತನ್ನ ಪಾಡಿಗೆ ತಾನು ಎಡಕ್ಕೆ ಹೊರಟುಬಿಡ್ತಾನೆ. ಇದಕ್ಕೇ ಡ್ರಿಫ್ಟ್ ಅನ್ನೋದು. ಹಾಲ್ ಎಫೆಕ್ಟ್ ಅನ್ನೋ ಕಡ್ಡಿಯಲ್ಲಿ ಆಯಸ್ಕಾಂತ ಮತ್ತು ಸೆನ್ಸರ್ ಒಂದಕ್ಕೊಂದು ತಾಗೋದೇ ಇಲ್ಲ, ಹಾಗಾಗಿ ಸವೆತ ಕಡಿಮೆ. ಸೇಗಾ ಕಂಪನಿ 1998ರ ಡ್ರೀಮ್‌ಕಾಸ್ಟ್‌ನಲ್ಲೇ ಇದನ್ನ ಹಾಕಿತ್ತು. ತಮಾಷೆ ಏನಂದ್ರೆ, ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಜೊತೆ ಬರೋ ಮಾಮೂಲಿ ಕಂಟ್ರೋಲರಿನಲ್ಲಿ ಇರೋದು ಉಜ್ಜೋ ಪಟ್ಟಿಯೇ. ಅದರ ಅರ್ಧ ಬೆಲೆಗೆ ಸಿಗೋ ಹೊರಗಿನ ಕಂಪನಿಗಳ ಎಷ್ಟೋ ಕಂಟ್ರೋಲರಿನಲ್ಲಿ ಆಯಸ್ಕಾಂತ! ಹಾಗಾಗಿ ‘ಡೂಪ್ಲಿಕೇಟ್’ ಅಂದಾಕ್ಷಣ ಮೂಗು ಮುರಿಯೋದು ದಡ್ಡತನ.

ಆದ್ರೆ ತೀರಾ ಕೆಳಗಿನ ಬೆಲೆಯಲ್ಲಿ ಇನ್ನೊಂದು ಕಥೆ ಇದೆ. ಸೆಕೆಂಡಿಗೆ 125 ಸಲ ವರದಿ ಕಳಿಸೋ ಕಂಟ್ರೋಲರು ಎರಡು ವರದಿಗಳ ನಡುವೆ 8 ಮಿಲಿಸೆಕೆಂಡು ಬಾಯಿ ಮುಚ್ಕೊಂಡಿರುತ್ತೆ. 1,000 ಸಲ ಕಳಿಸೋದು 1 ಮಿಲಿಸೆಕೆಂಡು ಮಾತ್ರ. 60 ಫ್ರೇಮಿನ ಆಟದಲ್ಲಿ ಒಂದು ಫ್ರೇಮ್ ಅಂದ್ರೆ ಸುಮಾರು 16.7 ಮಿಲಿಸೆಕೆಂಡು. ಇದರ ಮೇಲೆ ಅಗ್ಗದ ಬ್ಲೂಟೂತಿನ ತಡ ಸೇರಿದ್ರೆ ನೀವು ಗುಂಡಿ ಒತ್ತಿದ್ದು ಒಂದೆರಡು ಫ್ರೇಮ್ ತಡವಾಗಿ ತಲುಪಬಹುದು. ಈ ತಡ ಕಣ್ಣಿಗೆ ಕಾಣಲ್ಲ. ಕಾಣೋದು ಇಷ್ಟೇ: ಆ ಕಂಟ್ರೋಲರ್ ಹಿಡಿದವನು ಸೋಲ್ತಾ ಇದ್ದಾನೆ. ಸೋಫಾದ ಮೇಲೆ ಕೂತವರು ‘ನಿಂಗೆ ಆಡೋಕೆ ಬರಲ್ಲ ಬಿಡೋ’ ಅಂತಾರೆ. ಅವನೂ ಹೌದು ಅಂತ ನಂಬ್ತಾನೆ.

ನನ್ನನ್ನ ಕಾಡೋದು ಇದೇ. ಕೊರತೆ ಇರೋದು ಕೈಯಲ್ಲಿರೋ ಸಾಮಾನಿನಲ್ಲಿ, ಹೆಸರು ಕೆಡೋದು ಕೈಯದ್ದು.

ನಾನು ಬೆಳೆದದ್ದು ಸವಳಂಗದಲ್ಲಿ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗೋರು ಬಸ್ಸಿನ ಕಿಟಕಿಯಿಂದ ನೋಡಿರ್ತೀರಿ. ಆಗ ಹೊನ್ನಾಳಿ ತಾಲ್ಲೂಕು, ಈಗ ನ್ಯಾಮತಿ ತಾಲ್ಲೂಕು. 1997ಕ್ಕೆ ಮುಂಚೆ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಕೂತಲ್ಲೇ ಕೂತಿದ್ರೂ ನಮ್ಮ ವಿಳಾಸ ಎರಡು ಸಲ ಬದಲಾಗಿದೆ. ನಾನು ಆರನೇ ಕ್ಲಾಸಲ್ಲಿದ್ದಾಗ ನಮ್ಮ ಬೀದಿಗೆ ಒಂದೇ ಒಂದು ಟೀವಿ ವಿಡಿಯೋ ಗೇಮ್ ಬಂತು. ಅಡಿಕೆ ರೇಟು ಚೆನ್ನಾಗಿದ್ದ ವರ್ಷ ನನ್ನ ಗೆಳೆಯನೊಬ್ಬನ ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿಂದ ತಂದಿದ್ರು. ಹಳದಿ ಕ್ಯಾಸೆಟ್ಟು, ಅದರ ಮೇಲೆ ಲಕ್ಷಗಟ್ಟಲೆ ಆಟ ಅಂತ ಬರೆದಿರೋದು, ಒಳಗೆ ಅದದೇ ಹತ್ತಿಪ್ಪತ್ತು ಆಟ. ನಾವ್ಯಾರೂ ಕಂಟ್ರೋಲರ್ ಅಂತ ಅಂದವರಲ್ಲ, ನಮಗದು ರಿಮೋಟು.

ರಿಮೋಟು ಎರಡಿದ್ದವು. ಒಂದನೇದಕ್ಕೆ ಸ್ಟಾರ್ಟು, ಸೆಲೆಕ್ಟು ಗುಂಡಿ ಇದ್ದವು. ಎರಡನೇದಕ್ಕೆ ಇರಲಿಲ್ಲ. ಮನೆ ಯಾರದ್ದೋ ಅವನ ಕೈಗೆ ಒಂದನೇದು, ಅದರಲ್ಲಿ ಮಾತೇ ಇಲ್ಲ. ಯಾವ ಆಟ ಅಂತ ಆರಿಸೋನು ಅವನು, ಶುರು ಮಾಡೋನು ಅವನು, ಊಟಕ್ಕೆ ಕರೆದಾಗ ನಿಲ್ಲಿಸೋನೂ ಅವನೇ. ಎರಡನೇ ರಿಮೋಟಿನವನಿಗೆ ಕೆಮ್ಮು ಬಂದ್ರೂ ಆಟ ನಿಲ್ಲಿಸೋ ಹಕ್ಕಿಲ್ಲ. ಕಾಂಟ್ರಾ ಆಡಿದವರಿಗೆ ಜಲಪಾತದ ಹಂತ ನೆನಪಿರಬೇಕು. ಅಲ್ಲಿ ಮುಂದಿನವನು ಮೇಲೆ ಹಾರಿದಂಗೆಲ್ಲ ಪರದೆ ಮೇಲೇರುತ್ತೆ, ಕೆಳಗುಳಿದವನು ಪರದೆಯ ಕೆಳಗಂಚಿಗೆ ಸಿಕ್ಕಿ ಸಾಯ್ತಾನೆ. ಶತ್ರುವಿನ ಒಂದು ಗುಂಡೂ ಬೇಡ. ಜೊತೆಗಾರ ಸ್ವಲ್ಪ ಬೇಗ ಹೋದ್ರೆ ಸಾಕು. ಅವಸರದವನ ಕೈಲಿ ಒಳ್ಳೇ ರಿಮೋಟು, ಹಿಂದಿನವನ ಕೈಲಿ ಗುಂಡಿ ಸಿಕ್ಕಿಹಾಕ್ಕೊಳ್ಳೋ ರಿಮೋಟು ಇದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬಹಳ ವರ್ಷಗಳಾದ ಮೇಲೆ ಇದರ ಮೂಲ ಓದಿದೆ. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಅನ್ನೋ ಯಂತ್ರ ಬಿಡುಗಡೆ ಮಾಡ್ತು. ನಮ್ಮೂರಿಗೆ ಬಂದದ್ದು ಅದರ ನಕಲಿನ ನಕಲು. ಅಸಲಿ ಫ್ಯಾಮಿಕಾಮಿನ ಎರಡನೇ ಕಂಟ್ರೋಲರಿನಲ್ಲೂ ಸ್ಟಾರ್ಟು, ಸೆಲೆಕ್ಟು ಇರಲಿಲ್ಲ. ಆದ್ರೆ ಆ ಜಾಗದಲ್ಲಿ ಒಂದು ಮೈಕು ಇತ್ತು! ಜಪಾನಿನ ‘ಲೆಜೆಂಡ್ ಆಫ್ ಜೆಲ್ಡಾ’ ಆಟದಲ್ಲಿ ಮೊಲದ ಕಿವಿಯಂಥ ಕಿವಿ ಇರೋ ಒಂದು ಭೂತ ಬರುತ್ತೆ, ಆ ಮೈಕಿಗೆ ಕೂಗಿದ್ರೆ ಅದು ಸಾಯುತ್ತೆ. ಅಂದ್ರೆ ಎರಡನೆಯದಕ್ಕೆ ಒಂದು ಕಿತ್ಕೊಂಡು ಇನ್ನೊಂದು ಕೊಟ್ಟಿದ್ರು. ನಮ್ಮ ಕಡೆ ಬಂದ ನಕಲಿನಲ್ಲಿ ಮೈಕು ಹಾಕಿದ್ರೆ ಖರ್ಚು, ಅದನ್ನ ಬಿಟ್ರು. ಗುಂಡಿ ಇಲ್ಲದೇ ಇರೋದನ್ನ ಮಾತ್ರ ನಿಷ್ಠೆಯಿಂದ ನಕಲು ಮಾಡಿದ್ರು. ನಿಂಟೆಂಡೋನೇ 1985ರಲ್ಲಿ ಅದೇ ಯಂತ್ರಕ್ಕೆ ಬೇರೆ ವೇಷ ಹಾಕಿ ಅಮೆರಿಕದಲ್ಲಿ ಮಾರಿದಾಗ ಎರಡೂ ಕಂಟ್ರೋಲರನ್ನ ಒಂದೇ ಥರ ಮಾಡ್ತು. ಇನ್ನೂ ಹಿಂದಕ್ಕೆ ಹೋದ್ರೆ, 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಆಸಿಲೋಸ್ಕೋಪಿನ ಮೇಲೆ ಟೆನ್ನಿಸ್ ಆಟ ಮಾಡಿದಾಗ ಇಬ್ಬರಿಗೂ ಕೊಟ್ಟದ್ದು ಒಂದೇ ಥರದ ಡಬ್ಬಿ: ಒಂದು ತಿರುಗಿಸೋ ಗುಂಡಿ, ಒಂದು ಒತ್ತೋ ಗುಂಡಿ. ಇಬ್ಬರು ಆಡೋ ಆಟ ಅಂದ್ಮೇಲೆ ಇಬ್ಬರಿಗೂ ಒಂದೇ ಕೊಡೋದು ಯಾರಿಗಾದ್ರೂ ಮೊದಲು ಹೊಳೆಯೋ ವಿಚಾರ. ಒಂದನೇದು, ಎರಡನೇದು ಅನ್ನೋದೆಲ್ಲ ಆಮೇಲಿನ ಉಪಾಯ.

ನಮ್ಮಲ್ಲಿ ಒಂದು ಮಾತಿದೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಸಣ್ಣ ಮಕ್ಕಳು ಅಳ್ತಾವೆ ಅಂತ ಆಟಕ್ಕೆ ಸೇರಿಸ್ಕೊಳ್ಳೋದು, ಆದ್ರೆ ಔಟಾದ್ರೂ ಔಟಿಲ್ಲ, ಮುಟ್ಟಿದ್ರೂ ಮುಟ್ಟಿದಂಗಲ್ಲ. ಮಗು ಖುಷಿಯಾಗಿರುತ್ತೆ, ಅದು ಸರಿ. ಆದ್ರೆ ಲೆಕ್ಕಕ್ಕಿಲ್ಲ ಅಂತ ಮಗುವಿಗೆ ಗೊತ್ತಾದ ದಿನ ಆ ಖುಷಿ ಮುಗೀತು. ಎರಡನೇ ರಿಮೋಟಿನವನು ದೊಡ್ಡವನಾದ ಮೇಲೂ ಅದೇ ಜಾಗದಲ್ಲಿ ಕೂತಿರ್ತಾನೆ.

ಇದಕ್ಕೆ ಎದುರಾಗಿ ನನಗೆ ನೆನಪಾಗೋದು ನಮ್ಮ ಗದ್ದೆ ಕ್ರಿಕೆಟ್ಟು. ಕೊಯ್ಲಾದ ಗದ್ದೆ, ಇರೋದು ಒಂದೇ ಬ್ಯಾಟು. ಬೌಲರ್ ಕಡೆ ನಿಂತ ಬ್ಯಾಟ್ಸ್‌ಮನ್ ಕೈಲಿ ಒಂದು ಕಟ್ಟಿಗೆ ತುಂಡು, ಕ್ರೀಸ್ ಮುಟ್ಟಿಸೋಕೆ. ಒಂದು ರನ್ ಓಡಿದ್ರೆ ಪಿಚ್ಚಿನ ಮಧ್ಯ ಬ್ಯಾಟು ಈ ಕೈಯಿಂದ ಆ ಕೈಗೆ, ಕಟ್ಟಿಗೆ ಆ ಕೈಯಿಂದ ಈ ಕೈಗೆ. ಬ್ಯಾಟ್ ತಂದೋನಿಗೇ ಮೊದಲ ಬ್ಯಾಟಿಂಗು ಅನ್ನೋ ಅನ್ಯಾಯ ಇತ್ತು ನಿಜ, ಆ ದಬ್ಬಾಳಿಕೆ ಯಾವೂರಲ್ಲಿಲ್ಲ ಹೇಳಿ. ಆದ್ರೂ ಒಳ್ಳೇದು ಕೆಟ್ಟದ್ದು ಎರಡೂ ಅಂಟ್ಕೊಂಡಿದ್ದು ನಿಂತ ಜಾಗಕ್ಕೆ. ಮನುಷ್ಯನಿಗೆ ಅಂಟಿರಲಿಲ್ಲ. ಕಟ್ಟಿಗೆ ಹಿಡ್ಕೊಂಡೆ ಅಂತ ಯಾರೂ ಅವಮಾನ ಪಟ್ಟಿದ್ದು ನೋಡಿಲ್ಲ, ಯಾಕಂದ್ರೆ ಮುಂದಿನ ಬಾಲಿಗೆ ಅದು ಇನ್ನೊಬ್ಬನ ಕೈಲಿ.

ಈಗ ಹೇಳೋ ಮಾತು ಎಚ್ಚರಿಕೆಯಿಂದ ಹೇಳಬೇಕು. ನನ್ನ ಜೊತೆ ಓದಿದ ಗೆಳೆಯನೊಬ್ಬನ ಅಪ್ಪ, ತಮ್ಮ ಹುಡುಗಪ್ರಾಯದಲ್ಲಿ ನಮ್ಮ ಸೀಮೆಯ ಒಂದು ಹೋಟ್ಲಲ್ಲಿ ಚಾ ಕುಡೀತಿದ್ದ ಬಗೆ ಹೇಳ್ತಿದ್ರು. ಹೊರಗೆ ಗೋಡೆ ಗೂಡಿನಲ್ಲಿ ಬೇರೆ ಲೋಟ ಇಟ್ಟಿರ್ತಿದ್ರು. ತಾವೇ ತಗೋಬೇಕು, ತಾವೇ ತೊಳೆದಿಡಬೇಕು. ‘ಚಾ ಅದೇ ಕಣಪ್ಪ, ಒಂದೇ ಪಾತ್ರೆದು. ರೇಟೂ ಅದೇ. ಲೋಟ ಮಾತ್ರ ಬೇರೆ’ ಅಂತ ಅವರು ನಗ್ತಾ ಹೇಳಿದ್ದು ನನಗೆ ಮರೆಯೋಕಾಗಿಲ್ಲ. ಹೋಟ್ಲಿನ ಪಾತ್ರೆ ಬಳಸೋದಕ್ಕೆ ಅಸ್ಪೃಶ್ಯತೆಯ ನೆಪದಲ್ಲಿ ಅಡ್ಡಿ ಮಾಡೋದು ಅಪರಾಧ ಅಂತ 1955ರ ಕಾಯ್ದೆಯಲ್ಲೇ ಬರೆದಿದೆ. ಪಾತ್ರೆ ಅನ್ನೋ ಮಾತನ್ನ ಬಿಡಿಸಿ ಬರೆಯಬೇಕಾಗಿ ಬಂತು ಅನ್ನೋದೇ ನಮ್ಮ ಬಗ್ಗೆ ಬಹಳ ಹೇಳುತ್ತೆ.

ಸೋಫಾ ಮೇಲೆ ಕೂತು ಫಿಫಾ ಆಡೋ ಗೆಳೆಯನಿಗೆ ಕೊಟ್ಟ ಅಗ್ಗದ ಕಂಟ್ರೋಲರನ್ನ ಆ ಲೋಟಕ್ಕೆ ಹೋಲಿಸಿದ್ರೆ ಆ ಲೋಟದಲ್ಲಿ ಕುಡಿದವರಿಗೆ ಅವಮಾನ. ನಾನು ಹೋಲಿಸ್ತಿಲ್ಲ. ವ್ಯತ್ಯಾಸ ಎಲ್ಲಿದೆ ಅಂತ ಹುಡುಕ್ತಿದ್ದೀನಿ, ಅಷ್ಟೇ. ಹೋಟ್ಲಲ್ಲಿ ಚಾದ ಗುಣಮಟ್ಟದಲ್ಲಿ ಕಡಿಮೆ ಇರಲಿಲ್ಲ, ಬೆಲೆಯಲ್ಲೂ ಇರಲಿಲ್ಲ. ಆದ್ರೂ ಅದು ಘೋರ ಅನ್ಯಾಯ. ಗದ್ದೆಯಲ್ಲಿ ಬ್ಯಾಟಿಗೂ ಕಟ್ಟಿಗೆಗೂ ಅಜಗಜಾಂತರ. ಆದ್ರೂ ಅದು ಅನ್ಯಾಯ ಅಲ್ಲ. ಅಂದ್ಮೇಲೆ ತಪ್ಪು ಸಾಮಾನಿನ ಬೆಲೆಯಲ್ಲೂ ಇಲ್ಲ, ಗುಣದಲ್ಲೂ ಇಲ್ಲ. ಇದು ಅವರದ್ದು ಅಂತ ಒಂದು ಸಾಮಾನನ್ನ ಒಬ್ಬ ಮನುಷ್ಯನಿಗೆ ಖಾಯಂ ಮಾಡಿಬಿಡೋದರಲ್ಲಿದೆ. ಲೋಟ ಯಾವತ್ತೂ ಕೈ ಬದಲಾಯಿಸಲಿಲ್ಲ. ಬದಲಾಗಲೇಬಾರದು ಅಂತಾನೇ ಅದನ್ನ ಹೊರಗಿಟ್ಟಿದ್ದು.

ಹಾಗಾದ್ರೆ ಒಳ್ಳೇದನ್ನ ಗೆಸ್ಟಿಗೆ ಕೊಟ್ಟು ಡೂಪ್ಲಿಕೇಟ್ ನಾನು ಹಿಡಿದ್ರೆ ಆಯ್ತಲ್ಲ? ನಮ್ಮ ಅಮ್ಮಂದಿರು ಮಾಡೋದು ಹಾಗೇ, ಬಂದೋರಿಗೆ ಗಟ್ಟಿ ಮೊಸರು, ತಮಗೆ ಮಜ್ಜಿಗೆ. ನನಗೂ ಮೊದಲು ಇದೇ ಸರಿ ಅನ್ನಿಸ್ತು. ಊಟದಲ್ಲಿ ಇದು ನಡೆಯುತ್ತೆ, ಆಟದಲ್ಲಿ ತೊಡಕು. ಕೆಟ್ಟ ಕಂಟ್ರೋಲರ್ ಹಿಡಿದು ಸೋತ್ರೆ ನನಗೊಂದು ನೆಪ ಸಿಕ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೆದ್ರೆ ಇನ್ನೂ ಮಜಾ, ‘ಇದ್ರಲ್ಲೇ ಗೆದ್ದೆ ನೋಡು!’ ಎರಡೂ ಕಡೆ ನನಗೇ ಲಾಭ. ಅತ್ತ ಗೆಳೆಯ ಗೆದ್ರೂ ಅವನಿಗೆ ಅನುಮಾನ, ನಾನು ಗೆದ್ದೆನೋ ಕಂಟ್ರೋಲರ್ ಗೆಲ್ಲಿಸ್ತೋ ಅಂತ. ಉಪಚಾರ ಮಾಡೋಕೆ ಹೋಗಿ ಅವನನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡಿದಂಗಾಯ್ತು. ಆಟದಲ್ಲಿ ಎದುರಾಳಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಅಂದ್ರೆ ಅವನಿಗೂ ನಿಮಗೂ ಒಂದೇ ಆಯುಧ ಇರೋದು. ಆಮೇಲೆ ನಮ್ಮ ಕಡೆಯ ಹೊನ್ನಾಳಿ ಹೊಡ್ತ ಹೊಡೀರಿ, ತಪ್ಪೇನಿಲ್ಲ.

ಲೆಕ್ಕ ಹಾಕಿದ್ರೆ ಇದಕ್ಕೆ ಜಾಸ್ತಿ ದುಡ್ಡೂ ಬೇಕಿಲ್ಲ. ಕಂಪ್ಯೂಟರಿನಲ್ಲಿ ಆಡೋರು 6,000ದ ಒಂದು, 2,000ದ ಒಂದು ಅಂತ ತಗೊಳ್ಳೋ ಬದಲು 4,000ದ ಎರಡು ತಗೋಬಹುದು. 2,000ದ ಎರಡು ತಗೊಂಡ್ರೆ ಉಳಿದ ದುಡ್ಡಲ್ಲಿ ಆಟಗಳೇ ಬರ್ತವೆ. ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರ ತನ್ನ ‘ಎ ಥಿಯರಿ ಆಫ್ ಜಸ್ಟಿಸ್’ ಪುಸ್ತಕದಲ್ಲಿ ಕೇಕ್ ಹಂಚೋ ಉದಾಹರಣೆ ಕೊಡ್ತಾನೆ. ಕತ್ತರಿಸಿದವನು ಕೊನೆಯ ತುಂಡು ತಗೋಬೇಕು ಅಂತ ಮಾಡಿ, ಅವನು ತಾನಾಗೇ ಸಮ ಕತ್ತರಿಸ್ತಾನೆ ಅಂತ. ಕಂಟ್ರೋಲರಿಗೂ ಇದು ಸಲ್ಲುತ್ತೆ. ಗೆಳೆಯ ಬಂದಾಗ ಎರಡನ್ನೂ ಟೀಪಾಯಿ ಮೇಲಿಟ್ಟು ಮೊದಲು ಅವನು ಎತ್ಕೊಳ್ಳಲಿ ಅಂತ ಮನಸಲ್ಲಿ ಇಟ್ಕೊಂಡು ಅಂಗಡಿಗೆ ಹೋಗಿ. ಎರಡನೇದು ಆರಿಸೋವಾಗ ನಿಮ್ಮ ಬೆರಳು ಎಷ್ಟು ನಿಧಾನ ಆಗುತ್ತೆ ನೋಡಿ.

ಕನ್ಸೋಲ್ ಇದ್ದೋರಿಗೆ ಈ ದಾರಿ ಅರ್ಧ ಮುಚ್ಚಿದೆ. ಪ್ಲೇಸ್ಟೇಷನ್ 5ರ ಆಟಗಳಿಗೆ ಹಿಂದಿನ ಪ್ಲೇಸ್ಟೇಷನ್ 4ರ ಕಂಟ್ರೋಲರೂ ನಡೆಯಲ್ಲ, ಅದೇ ಕಂಪನಿದಾದ್ರೂ ಹಳೇ ಆಟಕ್ಕೆ ಮಾತ್ರ. ಮೈಕ್ರೋಸಾಫ್ಟ್ 2023ರ ಕೊನೆಯಲ್ಲಿ, ತಾನು ಒಪ್ಪಿಗೆ ಕೊಡದ ಹೊರಗಿನವರ ಕಂಟ್ರೋಲರ್ ಎಕ್ಸ್‌ಬಾಕ್ಸಿಗೆ ಸಿಕ್ಕಿಸಿದ್ರೆ ಪರದೆ ಮೇಲೆ ಎಚ್ಚರಿಕೆ ತೋರಿಸ್ತು, ನವೆಂಬರ್ 12ರಿಂದ ಅವನ್ನ ತಡೆಯೋಕೆ ಶುರು ಮಾಡ್ತು. ಮೋಸದ ಸಾಧನ ತಡೀಬೇಕು ಅನ್ನೋದಕ್ಕೆ ಅರ್ಥ ಇದೆ. ಆದ್ರೆ ಮನೇಲಿ ಎರಡನೆಯವನು ಆಡಲಿ ಅಂತ ತಂದ ಕಂಟ್ರೋಲರೂ ಅದೇ ಬಾಗಿಲಲ್ಲಿ ನಿಂತುಬಿಡುತ್ತೆ. ಆಗ ಎರಡನೆಯವನಿಗೆ ಕೆಟ್ಟದ್ದೂ ಇಲ್ಲ. ಪಕ್ಕದಲ್ಲಿ ಕೂತು ನೋಡೋದಷ್ಟೇ. ಅದಕ್ಕೇ ನಾನು ಅಗ್ಗದ ಸಾಮಾನಿನ ಪರ. ಬೇಲಿ ಹಾರಿ ಒಳಗೆ ಬರೋಕೆ ಅದೊಂದು ಏಣಿ. ಏಣಿ ಕೊಟ್ಟು, ಒಳಗೆ ಬಂದ ಮೇಲೂ ನೀನು ಏಣಿ ಮೇಲೇ ನಿಂತಿರು ಅನ್ನೋದಕ್ಕೆ ನನ್ನ ತಕರಾರು.

ಇಷ್ಟೊಂದು ಯಾಕೆ ತಲೆ ಕೆಡಿಸ್ಕೋತೀಯ ಅಂತ ಗೆಳೆಯರು ನಗ್ತಾರೆ. ಕಂಟ್ರೋಲರ್ ಹೋಗಲಿ. ‘ಗೆಸ್ಟ್‌ಗೆ ಅಷ್ಟೇ’ ಅನ್ನೋದಕ್ಕೆ ನಮ್ಮಂಥೋರ ಬಾಯಲ್ಲಿ ಒಂದು ಜೋಡಿ ಮಾತಿದೆ: ‘ಊರಿಗೆ ಅಷ್ಟೇ’. ಹೊಸ ಫೋನ್ ಬಂದ ಮೇಲೆ ಹಳೇದು ಊರಿಗೆ. ಕೀ ಬೋರ್ಡಲ್ಲಿ ಎರಡು ಅಕ್ಷರ ಒತ್ತದ ಲ್ಯಾಪ್‌ಟಾಪು ಅಣ್ಣನ ಮಗನ ಓದಿಗೆ. ಒಂದು ಕಿವಿ ಮಾತ್ರ ಕೇಳಿಸೋ ಇಯರ್‌ಬಡ್ಸು ಅಪ್ಪನಿಗೆ. ನಮ್ಮ ಟೀಮಿನ ಒಬ್ಬ ಹುಡುಗನ ಅಮ್ಮ ವಿಡಿಯೋ ಕಾಲಲ್ಲಿ ಯಾವಾಗ್ಲೂ ‘ಕೇಳಿಸ್ತಿಲ್ಲ ಮಗಾ, ಇನ್ನೊಂದ್ಸಲ ಹೇಳು’ ಅನ್ನೋರು. ಅಮ್ಮಂಗೆ ಫೋನ್ ಸರಿಯಾಗಿ ಬಳಸೋಕೆ ಬರಲ್ಲ ಅಂತ ಮನೆಯವರೆಲ್ಲ ತೀರ್ಮಾನ ಮಾಡಿದ್ರು, ಅವರೂ ಒಪ್ಕೊಂಡಿದ್ರು, ‘ನಮಗೆಲ್ಲಿ ಬರುತ್ತಪ್ಪ ಇದೆಲ್ಲ’ ಅಂತ. ತಂಗಿ ಮದುವೆಗೆ ಹೋದಾಗ ಆ ಫೋನ್ ತಗೊಂಡು ನೋಡಿದ್ರೆ ಸ್ಪೀಕರ್ ಅರ್ಧ ಹೋಗಿದೆ. ಎರಡು ವರ್ಷ ಆ ತಾಯಿ ತಾನು ದಡ್ಡಿ ಅಂದ್ಕೊಂಡೇ ಇದ್ರು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರಿಗೆ ಅಂತ ಸಿಂಕಿನ ಕೆಳಗೆ ಎತ್ತಿಟ್ಟ ಸ್ಟೀಲ್ ಲೋಟದ ಬಗ್ಗೆ, ಅವರು ಹತ್ತಬೇಕಾದ ಲಿಫ್ಟಿನ ಬಗ್ಗೆ ಇಲ್ಲಿ ಬರೆಯೋಲ್ಲ. ಯಾರ ಮನೇಲಿದೆ, ಯಾರ ಮನೇಲಿಲ್ಲ ಅಂತ ಅವರವರಿಗೇ ಗೊತ್ತು. ಅಲ್ಲಿ ‘ಸ್ವಚ್ಛತೆಗೆ ಅಷ್ಟೇ’ ಅಂತಾರೆ.

ಕಳೆದ ದೀಪಾವಳಿಗೆ ಊರಿಗೆ ಹೋಗೋವಾಗ ಅಕ್ಕನ ಮಕ್ಕಳಿಗೆ ಅಂತ ಒಂದೇ ಥರದ ಎರಡು ಅಗ್ಗದ ವೈರ್‌ಲೆಸ್ ಕಂಟ್ರೋಲರ್ ತಗೊಂಡು ಹೋಗಿದ್ದೆ. ಮೂರನೇ ದಿನಕ್ಕೇ ಒಂದು ನೀರಿನ ಬಕೆಟ್ಟಿಗೆ ಬಿತ್ತು, ಒಣಗಿಸಿದ ಮೇಲೆ ನಡೀತಿತ್ತು, ಆದ್ರೆ ಬಲಗಡೆ ಗುಂಡಿ ಎರಡು ಸಲ ಒತ್ತಿದ್ರೆ ಒಂದು ಸಲ ಕೇಳೋದು. ಅಂಗಡಿಯಿಂದ ಸಮಾನವಾಗಿ ಬಂದದ್ದು ಮನೇಲಿ ಒಂದನೇದು, ಎರಡನೇದು ಆಗೋಕೆ ಮೂರು ದಿನ ಸಾಕಾಯ್ತು! ಜಗಳ ಬಿಡಿಸೋಕೆ ನಾನು ಹೋಗೋದರೊಳಗೆ ಮಕ್ಕಳೇ ಒಂದು ಕಾನೂನು ಮಾಡ್ಕೊಂಡಿದ್ರು. ಗೆದ್ದೋರು ಮುಂದಿನ ಆಟಕ್ಕೆ ಕೆಟ್ಟಿದ್ದು ಹಿಡೀಬೇಕು. ಭಲೇ ಅನ್ನಿಸ್ತು. ದೊಡ್ಡವನು ಗೆಲ್ಲೋನು, ಹಾಳಾದ್ದು ಹಿಡಿಯೋನು, ಮತ್ತೂ ಗೆಲ್ಲೋನು. ಸಣ್ಣವಳ ಕೈಲಿ ಒಳ್ಳೇದೇ ಉಳೀತು. ಸಂಜೆ ಹೊತ್ತಿಗೆ ಅವಳು ಎದ್ದು ನನ್ನ ಹತ್ರ ಬಂದ್ಲು.

‘ಮಾಮ, ನಂಗೆ ಆ ಕೆಟ್ಟಿದ್ದೇ ಕೊಡ್ಸು.’

‘ಯಾಕೆ ಪುಟ್ಟಾ? ನಿಂದು ಚೆನ್ನಾಗೈತಲ್ಲ.’

‘ಇದ್ರಾಗೆ ಸೋತ್ರೆ ಅಣ್ಣ ಜಾಸ್ತಿ ನಗ್ತಾನೆ.’